ನಾಲ್ಕನೇ ಬಾಗಿಲ ಎದುರಿನ ಗೋಡೆ

“ನಾನು ಹೇಳೋದ್ರಲ್ಲಿ ಒಂದಕ್ಷರ ಸುಳ್ಳಿದ್ರೂ ನನ್ನ ನಾಲಿಗೆ ಬಿದ್ದು ಹೋಗ್ಲಿ,” ಎಂದೆ.

ಪಕ್ಕದ ಕುರ್ಚಿಯವಳು ನನ್ನ ನಾಲಿಗೆಯ ಕಡೆ ನೋಡಲಿಲ್ಲ, ಗೋಡೆಯ ಗಡಿಯಾರದ ಕಡೆ ನೋಡಿದಳು. ಹನ್ನೊಂದೂಕಾಲು. ಅವಳ ಕೈಯ ಚೀಟಿಯಲ್ಲಿ ಅರವತ್ಮೂರು ಎಂದಿತ್ತು. ನಾಲ್ಕನೇ ನಂಬರಿನ ಬಾಗಿಲೊಳಗೆ ನಡೆಯುತ್ತಿದ್ದದ್ದು ನಲವತ್ತೊಂದು.

“ಯಾವ ವಿಷ್ಯ ಆಂಟಿ?” ಎಂದಳು, ಮರ್ಯಾದೆಗೆ ಕೇಳಬೇಕಲ್ಲ ಎಂದು ಕೇಳಿದವಳ ಹಾಗೆ.

“ಮೊದ್ಲು ಈ ಆಂಟಿ ಅನ್ನೋದು ಬಿಡು. ಅಕ್ಕ ಅನ್ನು. ಆಂಟಿ ಅಂದ್ರೆ ನನ್ನ ಮಂಡಿನೋವು ಜಾಸ್ತಿ ಆಗುತ್ತೆ.”

“ಸರಿ ಅಕ್ಕ. ಯಾವ ವಿಷ್ಯ?”

“ನಾನು ಈ ಆಸ್ಪತ್ರೇಲಿ ಎರಡು ವರ್ಷ ಗೋಡೆಯಾಗಿದ್ದೆ.”

ಈಗ ಅವಳು ಗಡಿಯಾರ ಬಿಟ್ಟು ನನ್ನ ಕಡೆ ತಿರುಗಿದಳು.

ಪ್ರತಿ ಗುರುವಾರ ಬೆಳಿಗ್ಗೆ ನಾನು ಈ ಕಾರಿಡಾರಿಗೆ ಬಂದು ಕೂರುತ್ತೇನೆ. ನನಗೆ ಚೀಟಿಯಿಲ್ಲ, ನಂಬರಿಲ್ಲ, ಎಡಗಾಲೊಂದು ಬಿಟ್ಟರೆ ಕಾಯಿಲೆಯೂ ಇಲ್ಲ. ಗುರುವಾರ ನಾಲ್ಕನೇ ಬಾಗಿಲೊಳಗೆ ಕೂರುವ ಡಾಕ್ಟರಮ್ಮ ಎದೆಯ ಗಂಟು, ನಿಂತ ಮುಟ್ಟು ವರ್ಷಗಳ ಮೇಲೆ ಮತ್ತೆ ಶುರುವಾದದ್ದು, ಹೀಗೆ ಹೆಂಗಸರು ಹೆಂಗಸರಿಗೂ ಹೇಳದಿರುವ ವಿಷಯಗಳನ್ನು ನೋಡುವವರು. ವಾರಕ್ಕೆ ಒಂದೇ ದಿನ ಬರುತ್ತಾರೆ. ಅವತ್ತು ತಪ್ಪಿದರೆ ಮುಂದಿನ ವಾರ. ಮುಂದಿನ ವಾರ ಬರೋಣ ಎಂದು ಎದ್ದು ಹೋದವರು ಸಾಮಾನ್ಯವಾಗಿ ಮುಂದಿನ ವರ್ಷ ಬರುತ್ತಾರೆ, ಅದೂ ಮಲಗಿಕೊಂಡು. ಅದಕ್ಕೇ ನಾನು ಬಂದ ಕೂಡಲೇ ಒಂದು ಸುತ್ತು ಕಣ್ಣಾಡಿಸಿ, ಗಡಿಯಾರವನ್ನು ಎಲ್ಲರಿಗಿಂತ ಹೆಚ್ಚು ಸಲ ನೋಡುವವಳು ಯಾರೆಂದು ಗುರುತು ಹಿಡಿದು, ಅವಳ ಪಕ್ಕ ಕೂತು, ಬಾಯಿಗೆ ಬಂದ ಸುಳ್ಳು ಹೇಳುತ್ತೇನೆ. ಸುಳ್ಳು ಕೇಳುತ್ತ ಕೂತವಳು ಅರ್ಧಕ್ಕೆ ಏಳುವುದು ಕಡಿಮೆ. ಇದನ್ನು ಯಾವ ಸಂಶೋಧನೆಯವರೂ ಬರೆದಿಲ್ಲ, ನಾನೇ ಕಂಡುಹಿಡಿದದ್ದು.

ಇವತ್ತಿನವಳಿಗೆ ಮೂವತ್ತೈದರ ಆಸುಪಾಸು. ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಕಾಜ ಹೊಲಿಯುವವಳು. ಬೆರಳ ತುದಿಯ ಸೂಜಿ ಗುರುತು ನೋಡಿ ನಾನು ಕೇಳಿದೆ, ಹೌದೆಂದಳು. ಅವಳ ಬೀದಿಯ ಸಣ್ಣ ಆಸ್ಪತ್ರೆಯವರು ಬರೆದುಕೊಟ್ಟ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಮುಷ್ಟಿಯಲ್ಲಿಟ್ಟುಕೊಂಡಿದ್ದಳು. ಅವಳ ಬಲಗೈ ಆಗಾಗ, ಅವಳಿಗೇ ಗೊತ್ತಿಲ್ಲದ ಹಾಗೆ, ಎಡಗಂಕುಳ ಹತ್ತಿರ ಹೋಗಿ ಏನನ್ನೋ ಮುಟ್ಟಿ ವಾಪಸಾಗುತ್ತಿತ್ತು, ಒಲೆ ಆರಿಸಿದೆನಾ ಇಲ್ಲವಾ ಎಂದು ಅಡುಗೆಮನೆಗೆ ಮತ್ತೆ ಮತ್ತೆ ಹೋಗಿ ಬರುವವರ ಹಾಗೆ.

“ಗೋಡೆ ಅಂದ್ರೆ?” ಎಂದಳು.

“ಗೋಡೆ ಅಂದ್ರೆ ಗೋಡೆ. ಸಂಬಳದ ಗೋಡೆ. ಒಬ್ರು ಸಂಶೋಧನೆ ಮೇಡಂ ಬಂದಿದ್ರು. ಹೆಂಗಸ್ರು ಕಾಯಿಲೆ ಮುಚ್ಚಿಟ್ಕೋತಾರೆ, ಆಸ್ಪತ್ರೆಗೇ ಬರಲ್ಲ ಅಂತ ಎಲ್ರೂ ಬರೀತಾರಂತೆ. ಬಂದವರು ಡಾಕ್ಟರನ್ನ ನೋಡ್ದೆ ಯಾಕೆ ಎದ್ದು ಹೋಗ್ತಾರೆ ಅಂತ ಯಾರೂ ಬರೆದಿಲ್ವಂತೆ. ಅದನ್ನ ಎಣಿಸೋಕೆ ನನ್ನ ಇಟ್ಕೊಂಡ್ರು. ಎದುರುಗಡೆ ಆ ಮೂಲೆ ಇದೆ ನೋಡು, ಅಲ್ಲಿ ಕೂತು, ಯಾರು ಎಷ್ಟೊತ್ತಿಗೆ ಬಂದ್ರು, ಎಷ್ಟೊತ್ತಿಗೆ ಒಳಗೆ ಹೋದ್ರು, ಎಷ್ಟೊತ್ತಿಗೆ ಹಾಗೇ ಹೋದ್ರು, ಮೂರು ಕಾಲಂ.”

“ಅದಕ್ಕೆ ಗೋಡೆ ಯಾಕೆ ಆಗ್ಬೇಕು?”

“ಮಾತಾಡೋ ಹಾಗಿಲ್ಲ. ನೀವು ಗೋಡೆ ಅಂತ ತಿಳ್ಕೊಳ್ಳಿ ಅಂದ್ರು ಮೇಡಂ. ನೀವು ಮಾತಾಡಿಸಿದ್ರೆ ಅವರು ನಿಮ್ಮ ಮುಖ ನೋಡಿ ಕೂತ್ಕೋತಾರೆ, ಲೆಕ್ಕ ಕೆಟ್ಟು ಹೋಗುತ್ತೆ ಅಂದ್ರು.”

“ನೀವು ಮಾತಾಡ್ದೆ ಇದ್ರಾ?” ಎಂದಳು. ಪರಿಚಯವಾಗಿ ಹತ್ತು ನಿಮಿಷವಾಗಿರಲಿಲ್ಲ, ಅಷ್ಟರಲ್ಲೇ ನನ್ನನ್ನು ಅಳೆದುಬಿಟ್ಟಿದ್ದಳು.

“ಮಾತಾಡ್ದೆ ಇದ್ದಿದ್ದಕ್ಕೇ ಆಗಿದ್ದು ಎಲ್ಲಾ. ಮೂರನೇ ತಿಂಗಳು ಸುಣ್ಣ ಬಳಿಯೋರು ಬಂದ್ರು. ನನ್ನನ್ನೂ ಸೇರಿಸಿ ಬಳಿದ್ರು. ಎರಡು ಕೋಟು. ಒಣಗೋವರೆಗೂ ನಾನು ಉಸಿರು ಬಿಗಿ ಹಿಡ್ಕೊಂಡಿದ್ದೆ.”

“ಹೋಗಿ ಅಕ್ಕ.”

“ನಾಲಿಗೆ ಬಿದ್ದು ಹೋಗ್ಲಿ ಅಂದಿಲ್ವಾ? ಆಮೇಲೆ ಒಬ್ಬ ಬಂದು ನನ್ನ ಹೊಟ್ಟೆ ಮೇಲೆ ‘ಇಲ್ಲಿ ಉಗುಳಬಾರದು’ ಅಂತ ಬೋರ್ಡು ಅಂಟಿಸಿ ಹೋದ.”

“ಉಗುಳ್ತಿದ್ರಾ?”

“ಬೋರ್ಡು ನೋಡಿದ ಮೇಲೇ ಶುರು ಮಾಡಿದ್ದು.”

ಅವಳು ನಕ್ಕಳು. ಹೊಟ್ಟೆಯಿಂದ ಬಂದ ನಗುವಲ್ಲ, ಆದರೂ ಬೆನ್ನು ಕುರ್ಚಿಗೆ ಆನಿತು. ಬೆನ್ನು ಆನಿಸಿದವಳು ಸರಾಸರಿ ಇಪ್ಪತ್ತು ನಿಮಿಷ ಹೆಚ್ಚು ಕೂರುತ್ತಾಳೆ. ಇದೂ ನನ್ನದೇ ಶೋಧ.

ನಲವತ್ತೆಂಟು ಒಳಗೆ ಹೋಯಿತು. ಬಾಗಿಲಲ್ಲಿ ನಿಂತು ನಂಬರು ಕೂಗುವ ಹೆಂಗಸಿಗೆ ನಾವೆಲ್ಲ ಮೈಕು ಎಂದು ಹೆಸರಿಟ್ಟಿದ್ದೇವೆ. ಅವಳ ದನಿ ಅವಳ ಗಲ್ಲ ದಾಟಿ ಮುಂದೆ ಬರುವುದಿಲ್ಲ. ಒಂದೇ ಸಲ ಕೂಗುತ್ತಾಳೆ. ಕೇಳಿಸದವರ ನಂಬರು ಹೋದ ಹಾಗೇ. ಅದಕ್ಕೆ ನಾನು ಒಂದು ಕಿವಿಯನ್ನು ಯಾವಾಗಲೂ ಅವಳ ಕಡೆ ಇಟ್ಟಿರುತ್ತೇನೆ.

ನಾನು ಎಡಗಾಲನ್ನು ಎರಡು ಕೈಯಿಂದ ಎತ್ತಿ ಬಲಗಾಲಿನ ಮೇಲೆ ಹಾಕಿಕೊಂಡೆ.

“ಕಾಲಿಗೇನಾಯ್ತು?”

“ಜೋಮು ಹಿಡಿದಿದೆ.”

“ಉಜ್ಜಿ, ಬಿಡುತ್ತೆ.”

“ಮೂರು ವರ್ಷದಿಂದ ಉಜ್ತಾ ಇದೀನಿ.” ಅವಳು ನನ್ನ ಮುಖ ನೋಡಿದಳು. “ನಿಜ ಕಣೇ. ಒಂದಿನ ಹನ್ನೆರಡೂ ಮುಕ್ಕಾಲಿಗೆ ಹಿಡೀತು, ಇನ್ನೂ ಬಿಟ್ಟಿಲ್ಲ. ಡಾಕ್ಟ್ರು ಸೂಜಿ ಚುಚ್ಚಿ ನೋಡಿದ್ರು, ಸುತ್ತಿಗೇಲಿ ಹೊಡೆದ್ರು, ಏನೂ ಇಲ್ಲ ಹೋಗಿ ಅಂದ್ರು. ಮನೇಲಿ ಸೂಜಿಗಳನ್ನ ಇದಕ್ಕೇ ಚುಚ್ಚಿಡ್ತೀನಿ, ಕಳೆದುಹೋಗಲ್ಲ. ನಿನ್ನ ಹತ್ರ ಇದ್ರೆ ನೀನೂ ಚುಚ್ಚಿಡು, ವಾಪಸ್ ಹೋಗೋವಾಗ ತಗೊಂಡು ಹೋಗು.”

“ನಿಮ್ಮ ಯಜಮಾನ್ರು ನಿಮ್ಮನ್ನ ಹೇಗೆ ಸಹಿಸ್ಕೋತಾರೆ ಅಕ್ಕ?”

“ಅವರಿಗೆ ಒಂದು ಕಿವಿ ಕೇಳಲ್ಲ. ಮದುವೆ ಆದಾಗ ಎರಡೂ ಕೇಳ್ತಿತ್ತು.”

ಹೀಗೇ ಹನ್ನೆರಡು ಗಂಟೆಯಾಯಿತು. ಐವತ್ತೈದನೆಯವಳು ಒಳಗೆ ಹೋದವಳು ಹತ್ತು ನಿಮಿಷವಾದರೂ ಹೊರಗೆ ಬರಲಿಲ್ಲ. ಬಂದಾಗ ಸೀರೆಯ ಸೆರಗು ತಿರುಗುಮುರುಗಾಗಿ ಹೊದ್ದಿದ್ದಳು, ಯಾರ ಕಡೆಯೂ ನೋಡದೆ ಹೋದಳು. ನನ್ನ ಪಕ್ಕದವಳ ನಗು ಅಲ್ಲಿಗೆ ನಿಂತಿತು. ಬಲಗೈ ಮತ್ತೆ ಕಂಕುಳ ಕಡೆ ಹೋಯಿತು. ನಾನು ಸುಳ್ಳಿನ ವೇಗ ಹೆಚ್ಚಿಸಿದೆ. ಗೋಡೆಯಾಗಿದ್ದಾಗ ನನ್ನ ಭುಜದ ಮೇಲೆ ಹಲ್ಲಿಯೊಂದು ಮೊಟ್ಟೆಯಿಟ್ಟಿದ್ದು, ಮರಿಗಳು ಈಗಲೂ ನನ್ನನ್ನು ಕಂಡರೆ ಗುರುತು ಹಿಡಿಯುವುದು, ಎಲ್ಲ ಹೇಳಿದೆ. ಅವಳು ಹೂಂ ಎಂದಳು. ಹೂಂ ಎನ್ನುವವಳು ಕೇಳುತ್ತಿರುವುದಿಲ್ಲ.

ಹನ್ನೆರಡೂವರೆಗೆ ಐವತ್ತೊಂಬತ್ತು ನಡೆಯುತ್ತಿತ್ತು. ಅವಳು ಎದ್ದು ನಿಂತಳು. ಬ್ಯಾಗಿನೊಳಗೆ ಕೈ ಹಾಕಿ ಬೀಗದ ಕೈ ತೆಗೆದಳು.

“ನಾನು ಹೊರಡ್ತೀನಿ ಅಕ್ಕ. ಮುಂದಿನ ವಾರ ಬರ್ತೀನಿ.”

“ಇನ್ನು ನಾಲ್ಕೇ ಜನ ಕಣೇ.”

“ಒಂದು ಗಂಟೆಗೆ ಮಗಳು ಸ್ಕೂಲಿಂದ ಬರ್ತಾಳೆ. ಬೀಗದ ಕೈ ನನ್ನ ಹತ್ರ ಇದೆ.”

“ಇನ್ನೊಂದು ಇಲ್ವಾ?”

“ಇತ್ತು. ಅವರಪ್ಪ ಕಳೆದ್ರು.”

ಬೀಗದ ಕೈ. ಎರಡು ವರ್ಷ ಆ ಮೂಲೆಯಲ್ಲಿ ಕೂತು ನಾನು ನೋಡಿದ್ದು ಇದನ್ನೇ. ಹೆಂಗಸರು ಹೆದರಿ ಎದ್ದು ಹೋಗುವುದಿಲ್ಲ, ನಾಚಿಕೆಗೂ ಎದ್ದು ಹೋಗುವುದಿಲ್ಲ. ನಾಚಿಕೆಯವರು ಬರುವುದೇ ಇಲ್ಲ. ಬಂದವರು ಹನ್ನೆರಡೂಕಾಲಿನಿಂದ ಒಂದು ಗಂಟೆಯೊಳಗೆ ಏಳುತ್ತಾರೆ. ಏಳುವ ಮುಂಚೆ ಬ್ಯಾಗಿಗೋ ಸೊಂಟಕ್ಕೋ ಕೈ ಹಾಕಿ ಬೀಗದ ಕೈ ಇದೆಯಾ ನೋಡಿಕೊಳ್ಳುತ್ತಾರೆ. ಮೇಡಂ ಕೊಟ್ಟ ಕಾಗದದಲ್ಲಿ ಕಾರಣಕ್ಕೆ ಒಂಬತ್ತು ನಂಬರುಗಳಿದ್ದವು. ಭಯ ಒಂದು, ನೋವು ಎರಡು, ಜೊತೆಯವರ ಒತ್ತಾಯ ಮೂರು, ಹೀಗೆ. ಬೀಗದ ಕೈಗೆ ನಂಬರಿರಲಿಲ್ಲ. ಅದನ್ನೆಲ್ಲ ನಾನು ಒಂಬತ್ತಕ್ಕೆ ಹಾಕುತ್ತಿದ್ದೆ. ಒಂಬತ್ತು ಎಂದರೆ ‘ತಿಳಿದಿಲ್ಲ’.

ಅವಳು ಎರಡು ಹೆಜ್ಜೆ ಹೋಗಿಯಾಗಿತ್ತು. ನನ್ನ ಹತ್ತಿರ ಇನ್ನೂ ಹತ್ತಾರು ಸುಳ್ಳುಗಳಿದ್ದವು, ಯಾವುದೂ ಅಷ್ಟು ಉದ್ದ ಇರಲಿಲ್ಲ.

“ಇಷ್ಟೊತ್ತು ಹೇಳಿದ್ದೆಲ್ಲ ಸುಳ್ಳು,” ಎಂದೆ. “ಒಂದು ನಿಜ ಇದೆ. ಯಾರಿಗೂ ಹೇಳಿಲ್ಲ. ಕೇಳ್ಕೊಂಡು ಹೋಗು.”

ಅವಳು ನಿಂತಳು. “ಸುಣ್ಣ ಬಳಿದಿದ್ದೂ ಸುಳ್ಳಾ?” ಎಂದಳು, ನಿಜವಾಗಿಯೂ ಬೇಜಾರಾದವಳ ಹಾಗೆ.

“ಸುಣ್ಣ ಸುಳ್ಳು. ಗೋಡೆ ನಿಜ.”

ಅವಳು ಬಂದು ಕುರ್ಚಿಯ ತುದಿಯಲ್ಲಿ ಕೂತಳು. ಬೀಗದ ಕೈ ಕೈಯಲ್ಲೇ ಇತ್ತು.

“ಒಂದು ಗುರುವಾರ ನನ್ನ ಅಕ್ಕ ಬಂದ್ಲು. ಒಡಹುಟ್ಟಿದ ಅಕ್ಕ. ನನಗಿಂತ ಏಳು ವರ್ಷ ದೊಡ್ಡವಳು. ನಾನು ಇಲ್ಲಿ ಕೆಲ್ಸ ಮಾಡೋದು ಅವಳಿಗೆ ಗೊತ್ತು. ಆ ಮೂಲೇಲಿ ಕೂತಿದ್ದ ನನ್ನ ನೋಡಿದ್ಲು. ನೋಡಿ, ಯಾರೋ ಅನ್ನೋ ಹಾಗೆ ಮುಖ ತಿರುಗಿಸ್ಕೊಂಡು, ನೀನು ಈಗ ಕೂತಿದೀಯಲ್ಲ, ಇದೇ ಜಾಗದಲ್ಲಿ ಕೂತ್ಲು. ಆಗ ಇಲ್ಲಿ ಬೆಂಚಿತ್ತು.”

“ಯಾಕೆ, ಮಾತು ಬಿಟ್ಟಿದ್ರಾ?”

“ಇಲ್ಲ ಕಣೇ. ಹಿಂದಿನ ರಾತ್ರಿ ಫೋನಲ್ಲಿ ಒಂದು ಗಂಟೆ ಮಾತಾಡಿದ್ವಿ. ನಾನೇ ಜಂಬ ಕೊಚ್ಕೊಂಡಿದ್ದೆ. ನಮ್ಮ ಕೆಲಸ ಅಂದ್ರೆ ಏನು ಅಂತ ತಿಳ್ಕೊಂಡಿದೀಯ, ಒಡಹುಟ್ಟಿದೋಳು ಬಂದು ಎದುರಿಗೆ ಕೂತ್ರೂ ನಾವು ತುಟಿ ಬಿಚ್ಚಲ್ಲ, ಬಿಚ್ಚಿದ್ರೆ ಕೆಲಸ ಹೋಗುತ್ತೆ ಅಂತ.”

“ಕೆಲಸ ಹೋಗ್ತಿತ್ತಾ?”

“ಹಾಗಂತ ಯಾರೂ ಹೇಳಿರ್ಲಿಲ್ಲ. ಜಂಬಕ್ಕೆ ನಾನೇ ಸೇರಿಸಿದ್ದು.”

ಮೈಕು ಅರವತ್ತು ಎಂದಳು. ಯಾರೋ ಎದ್ದು ಹೋದರು.

“ಎರಡು ಗಂಟೆ ಹತ್ತು ನಿಮಿಷ ಕೂತಿದ್ಲು. ಮಧ್ಯೆ ಒಂದ್ಸಲ ನನ್ನ ಕಡೆ ನೋಡಿ, ಯಾರಿಗೂ ಕಾಣದ ಹಾಗೆ ನಾಲಿಗೆ ಹೊರಗೆ ಹಾಕಿ ಅಣಕಿಸಿದ್ಲು. ಚಿಕ್ಕಂದಿನಿಂದ ಹಾಗೇ, ನನ್ನ ನಗಿಸಿ ಅಮ್ಮನ ಹತ್ರ ಬೈಸೋದು ಅಂದ್ರೆ ಅವಳಿಗೆ ಖುಷಿ. ನಾನು ನಗ್ಲಿಲ್ಲ. ನಾನು ಗೋಡೆ ಅಲ್ವಾ? ಯಾಕೆ ಬಂದಿದಾಳೆ ಅಂತ ಯೋಚ್ನೆ ಬಂತು. ಸಂಜೆ ಫೋನಲ್ಲಿ ಕೇಳಿದ್ರಾಯ್ತು ಅಂತ ಬಿಟ್ಟೆ. ಹನ್ನೆರಡೂ ಮೂವತ್ತೈದಕ್ಕೆ ಎದ್ಲು. ಸೊಂಟದಲ್ಲಿ ಬೀಗದ ಕೈ ಇದೆಯಾ ಅಂತ ಮುಟ್ಟಿ ನೋಡ್ಕೊಂಡ್ಲು.”

ಪಕ್ಕದವಳು ತನ್ನ ಕೈಯಲ್ಲಿದ್ದುದನ್ನು ನೋಡಿದಳು.

“ಎಷ್ಟನೇ ನಂಬರು ಅವರದ್ದು?”

“ಐವತ್ತೆಂಟು. ಐವತ್ತೈದು ಒಳಗಿತ್ತು.”

“ಅಯ್ಯೋ. ಮೂರೇ. ನೀವು ಕೂಗಿದ್ರಿ ತಾನೇ ಅಕ್ಕ?”

ನಮ್ಮ ಕೆಲಸದಲ್ಲಿ ಒಂದು ಪದ್ಧತಿಯಿತ್ತು. ಎದ್ದವಳನ್ನು ಎದ್ದ ತಕ್ಷಣ ‘ಹೋದಳು’ ಎಂದು ಬರೆಯಬಾರದು. ನೀರು ಕುಡಿಯಲು ಎದ್ದಿರಬಹುದು, ಬಚ್ಚಲಿಗೆ ಎದ್ದಿರಬಹುದು. ಹತ್ತು ನಿಮಿಷ ಕಾಯಬೇಕು. ಹತ್ತನೇ ನಿಮಿಷಕ್ಕೂ ವಾಪಸ್ ಬರದಿದ್ದರೆ ಬರೆಯಬೇಕು. ಅಕ್ಕ ಕಾರಿಡಾರಿನ ಬಾಗಿಲಿನವರೆಗೆ ಹೋದಳು, ತಿರುಗಿ ನೋಡಿದಳು, ಹೋದಳು. ನಾನು ಕೈಗಡಿಯಾರ ನೋಡುತ್ತ ಕೂತೆ. ಕೆಳಗಿನ ಬಸ್ ನಿಲ್ದಾಣಕ್ಕೆ ನಡೆದರೆ ಆರು ನಿಮಿಷ. ಬಸ್ಸಿಗೆ ಕಾಯುವುದು ಒಂದು ನಾಲ್ಕು ನಿಮಿಷ ಹಿಡಿಯಿರಿ. ಹತ್ತನೇ ನಿಮಿಷಕ್ಕೆ ಬರೆದೆ. ವಯಸ್ಸು ಸುಮಾರು ಐವತ್ತೈದು, ಒಬ್ಬಳೇ, ಕಾದದ್ದು ನೂರಾ ಮೂವತ್ತು ನಿಮಿಷ, ಕಾರಣ ಒಂಬತ್ತು. ‘ಸುಮಾರು’ ಎಂದು ಬರೆದೆ. ಅವಳು ಹುಟ್ಟಿದ ತಾರೀಕು ನನಗೆ ಗೊತ್ತಿತ್ತು, ಆದರೆ ನೋಡಿದವರನ್ನು ನೋಡಿದ ಹಾಗೆ ಅಂದಾಜಿನಲ್ಲೇ ಬರೆಯಬೇಕೆಂದು ಹೇಳಿಕೊಟ್ಟಿದ್ದರು. ಒಂಬತ್ತರ ಬಾಲ ಸ್ವಲ್ಪ ಸೊಟ್ಟಗಾಗಿತ್ತು, ಅದನ್ನೂ ತಿದ್ದಿದೆ. ಏಳಲು ಹೋದಾಗ ಎಡಗಾಲು ಬರಲಿಲ್ಲ.

ಸಂಜೆ ಫೋನು ಮಾಡಿದೆ. “ಏನಿಲ್ಲ ಕಣೇ, ನಿನ್ನ ಆಫೀಸು ನೋಡೋಣ ಅಂತ ಬಂದೆ,” ಎಂದಳು. “ಚೆನ್ನಾಗಿ ಸುಮ್ನೆ ಕೂತಿದ್ದೆ. ಅಮ್ಮ ಇದ್ದಿದ್ರೆ ನಂಬ್ತಾನೇ ಇರ್ಲಿಲ್ಲ.”

ಮುಟ್ಟು ನಿಂತು ಮೂರು ವರ್ಷವಾದ ಮೇಲೆ ಅವಳಿಗೆ ಮತ್ತೆ ಶುರುವಾಗಿತ್ತು. ಇದು ನನಗೆ ಗೊತ್ತಾದದ್ದು ಐದು ತಿಂಗಳ ಮೇಲೆ, ಭಾವ ಅವಳನ್ನು ಆಟೋದಲ್ಲಿ ಮಲಗಿಸಿಕೊಂಡು ಬಂದಾಗ. ಇನ್ನೂ ನಾಲ್ಕು ತಿಂಗಳು ಇದ್ದಳು. ಅವಳು ಹೋದ ದಿನ ಎಲ್ಲರೂ ಅತ್ತರು. ನಾನು ಬಾಗಿಲ ಪಕ್ಕ ಕೂತಿದ್ದೆ. ಬಂದವರು ನೂರಾ ಹದಿನಾಲ್ಕು ಜನ, ನೋಡದೆ ಎದ್ದು ಹೋದವರು ಯಾರೂ ಇಲ್ಲ. ಎಣಿಸಬೇಕೆಂದು ಎಣಿಸಿದ್ದಲ್ಲ. ಅಭ್ಯಾಸ.

ವರದಿ ಬಂದಾಗ ಮೇಡಂ ನನಗೂ ಒಂದು ಪ್ರತಿ ಕೊಟ್ಟರು, ನಿಮ್ಮ ಕಾಲಂಗಳು ಬಹಳ ಅಚ್ಚುಕಟ್ಟು ಎಂದರು. ಒಳ್ಳೆಯ ಹೆಂಗಸು. ಮೂವತ್ತನಾಲ್ಕನೇ ಪುಟದಲ್ಲಿ ಒಂದು ಪಟ್ಟಿ ಇತ್ತು. ಡಾಕ್ಟರನ್ನು ಕಾಣದೆ ಹೋದವರು ನಾನೂರಾ ಹನ್ನೆರಡು, ಅದರಲ್ಲಿ ಕಾರಣ ತಿಳಿಯದವರು ಮುನ್ನೂರಾ ಆರು. ಕಡೆಯಲ್ಲಿ ಶಿಫಾರಸು: ಕಾಯುವ ಜಾಗದಲ್ಲಿ ಅನುಕೂಲ ಹೆಚ್ಚಿಸಬೇಕು. ಹೆಚ್ಚಿಸಿದರು. ಬೆಂಚು ತೆಗೆದು ಕುರ್ಚಿ ಹಾಕಿಸಿದರು. ನಾವಿಬ್ಬರೂ ಕೂತಿದ್ದು ಅದರಲ್ಲೇ.

“ಅಕ್ಕ,” ಎಂದಳು ಪಕ್ಕದವಳು. “ಹೇಳಿ. ಕೂಗಿದ್ರಿ ತಾನೇ?”

“ಹೇಳ್ತೀನಿ. ಅವಸರ ಮಾಡ್ಬೇಡ. ನಿನಗೆ ಹೊತ್ತಾಯ್ತಾ?”

ಅವಳು ಗಡಿಯಾರ ನೋಡಿದಳು. ಹನ್ನೆರಡೂ ಐವತ್ತು. ಬೀಗದ ಕೈಯನ್ನು ಒಂದು ಸಲ ಬೆರಳಿಗೆ ಸುತ್ತಿ ಬ್ಯಾಗಿನೊಳಗೆ ಹಾಕಿ ಜಿಪ್ ಎಳೆದಳು.

“ಮೆಟ್ಟಿಲ ಮೇಲೆ ಕೂತ್ಕೊಳ್ಳಲಿ ಬಿಡಿ,” ಎಂದಳು. “ಹನ್ನೆರಡು ವರ್ಷದ ಕತ್ತೆ. ಅರ್ಧ ಗಂಟೆ ಕೂತ್ರೆ ಏನೂ ಕರಗಿ ಹೋಗಲ್ಲ. ಕೆಳಗಿನ ಮನೆಯವರು ಇದ್ದಾರೆ.”

“ಇದ್ದಾರಲ್ಲ.”

“ನೀವು ಮುಂದೆ ಹೇಳಿ.”

ಅರವತ್ತೆರಡನೆಯವಳು ಒಳಗೆ ಹೋಗಿ ಆಗಲೇ ನಾಲ್ಕು ನಿಮಿಷವಾಗಿತ್ತು. ನಾನು ಒಂದು ಕಿವಿಯನ್ನು ಬಾಗಿಲ ಕಡೆ ಇಟ್ಟುಕೊಂಡೇ ಹೇಳಿದೆ.

“ಅಕ್ಕ ಆ ಬಾಗಿಲವರೆಗೆ ಹೋಗಿ ತಿರುಗಿ ನೋಡಿದ್ಲಾ? ನಾನು ಎದ್ದೆ. ಎದ್ದ ರಭಸಕ್ಕೆ ಪ್ಯಾಡು ಒಂದು ಕಡೆ, ಪೆನ್ನು ಒಂದು ಕಡೆ. ರೂಲ್ಸು ಗೀಲ್ಸು ಎಲ್ಲ ಹಾಳಾಗಿ ಹೋಗ್ಲಿ ಅಂತ, ಇಡೀ ಕಾರಿಡಾರಿಗೆ ಕೇಳೋ ಹಾಗೆ—”

“ಅರವತ್ಮೂರು,” ಎಂದಳು ಮೈಕು, ತನ್ನ ಗಲ್ಲಕ್ಕೆ, ಒಂದೇ ಸಲ.

ಪಕ್ಕದವಳಿಗೆ ಕೇಳಿಸಿತು. ಎದ್ದಳು. ನಾಲ್ಕು ಮಡಿಕೆಯ ಕಾಗದವನ್ನು ಬಿಚ್ಚುತ್ತ ನಡೆದಳು.

“ಅಕ್ಕಾ ಅಂತ ಕೂಗ್ದೆ ಕಣೇ,” ಎಂದೆ ಅವಳ ಬೆನ್ನಿಗೆ. ಅವಳು ಬಾಗಿಲು ತಳ್ಳಿದಳು. “ಓಡಿ ಹೋಗಿ ಕೈ ಹಿಡ್ಕೊಂಡು, ದರದರ ಎಳ್ಕೊಂಡು ಬಂದು, ಇದೇ ನಾಲ್ಕನೇ ಬಾಗಿಲೊಳಗೆ ನುಗ್ಗಿ, ಡಾಕ್ಟರಮ್ಮ, ನೋಡಿ ಮೊದ್ಲು ಇವಳನ್ನ ನೋಡಿ, ಇವಳು ನನ್ನ—”